ಕಡತ: ಅಳಿಸಿ ಬರೆಯುವ ಬರಹದ ಚರಿತ್ರೆ

೧

ನಮ್ಮ ಸರಕಾರದ ಕಚೇರಿಗಳಲ್ಲಿ ಕಾಗದಪತ್ರಗಳ ಕಟ್ಟಿಗೆ ಕಡತವೆಂದು ಹೆಸರು. ಗಣಕಯಂತ್ರವನ್ನು ಕನ್ನಡದಲ್ಲಿ ನಡೆಯಿಸುವವರು, ಇಂಗ್ಲಿಷಿನಲ್ಲಿ 'ಫೈಲ್' ಎಂದು ಕರೆಯಲ್ಪಡುವ ಬರಹದ ಗಂಟಿಗೂ ಇದೇ ಹೆಸರನ್ನು ಇಟ್ಟಿರುತ್ತಾರೆ. ಆದರೆ ಈ ಶಬ್ದವು ಮೊದಲು ಯಾವ ವಸ್ತುವಿಗೆ ಸಲ್ಲುತ್ತಿದ್ದಿತೆಂಬುದನ್ನು ವಿಚಾರಿಸುವವರು ವಿರಳ. ಕಡತವೆಂದರೆ ಮೂಲದಲ್ಲಿ ಕಾಗದವಲ್ಲ. ಅದು ಕರಿಯ ಬಟ್ಟೆಯ ಪುಸ್ತಕ. ಬಳಪದಿಂದ ಬರೆದು, ಬೇಡವಾದಾಗ ಒರಸಿ, ಅದೇ ಸ್ಥಳದಲ್ಲಿ ಮತ್ತೆ ಬರೆಯತಕ್ಕ ಪುಸ್ತಕ. ಬರೆದುದನ್ನು ಅಳಿಸಿ ತಿರುಗಿ ಬರೆಯಬಹುದಾದ ಬಿಲ್ಲೆಗಳು ಗಣಕಯಂತ್ರದ ಸಂಗಡ ನಮ್ಮ ಮನೆಗಳಿಗೆ ಬಂದಾಗ, ಅವುಗಳಲ್ಲಿ ತುಂಬಿದ್ದುದಕ್ಕೆ ಕಡತವೆಂಬ ಹೆಸರು ತಾನಾಗಿಯೇ ಅಂಟಿಕೊಂಡಿತು. ಹೆಸರಿಟ್ಟವರ ಮನಸ್ಸಿನಲ್ಲಿ ಕಚೇರಿಯ ಕಾಗದದ ಕಟ್ಟು ಇದ್ದಿರಬೇಕು. ಆದರೂ ಅರ್ಥವು ಸುತ್ತಿ ಬಳಸಿ ತನ್ನ ತವರಿಗೇ ಹಿಂದಿರುಗಿದಂತಾಯಿತು.

ಬೆಂಗಳೂರಿನ ಪೂರ್ವಭಾಗದಲ್ಲಿ ಕೃಷ್ಣರಾಜಪುರಕ್ಕೆ ಸಮೀಪವಾಗಿ ಹೊರಮಾವು ಎಂಬ ಊರುಂಟು. ಹಿಂದೆ ಇದು ಕೆರೆ, ಹೊಲ, ತೋಪುಗಳ ಹಳ್ಳಿ. ಇದಕ್ಕೆ ದೂರವಲ್ಲದ ದೂರವಾಣಿನಗರದಲ್ಲಿ ೧೯೪೮ರಲ್ಲಿ ಭಾರತೀಯ ದೂರವಾಣಿ ಕಾರ್ಖಾನೆಯು ಸ್ಥಾಪಿತವಾಯಿತು. ಮುಂದೆ ವೈಟ್‌ಫೀಲ್ಡಿನ ಕಡೆ ಗಣಕಯಂತ್ರದ ಸಂಸ್ಥೆಗಳು ತಲೆಯೆತ್ತಿದುವು. ೨೦೦೭ರಲ್ಲಿ ರಚಿತವಾದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಹೊರಮಾವೂ ಸೇರಿತು. ಈಗ ಅಲ್ಲಿ ವಾಸವಾಗಿರುವ ಕುಟುಂಬಗಳಲ್ಲಿ ಗಣಕಯಂತ್ರದಿಂದಲೇ ಜೀವನ ನಡಸುವವರು ಅನೇಕರು. ಅಂತಹ ಮನೆಗಳ ಬೀರುಗಳಲ್ಲಿ, ಇಪ್ಪತ್ತು ವರ್ಷಗಳ ಹಿಂದೆ ಸದರ್ ಪತ್ರಪ್ಪ ರಸ್ತೆಯ ಅಂಗಡಿಗಳಿಂದ ಕೊಂಡುತಂದ ಹೊಳೆಯುವ ಬಿಲ್ಲೆಗಳು ಧೂಳು ಹಿಡಿದು ಕುಳಿತಿರುವುದು ಅಪೂರ್ವವಲ್ಲ. ಅವುಗಳಲ್ಲಿ ಏನಿದೆ, ಅವನ್ನು ಅಳಿಸಿ ಮತ್ತೆ ಉಪಯೋಗಿಸಬಹುದೆ, ಎಸೆಯಬಹುದೆ ಎಂಬ ಪ್ರಶ್ನೆಯು ಮನೆಯನ್ನು ಗುಡಿಸುವ ದಿನ ಏಳುತ್ತದೆ. ಪ್ರಶ್ನೆಯು ಅಲ್ಪವೆಂದು ಕಂಡರೂ ಹೊಸದಲ್ಲ. ಅಳಿಸತಕ್ಕುದು ಯಾವುದು, ಉಳಿಸತಕ್ಕುದು ಯಾವುದು ಎಂಬ ವಿವೇಕವನ್ನು ನಮ್ಮ ಹಿರಿಯರು ಕರಿಯ ಬಟ್ಟೆಯ ವಿಷಯದಲ್ಲಿ ಶತಮಾನಗಳ ಕಾಲ ನಡಸಿಕೊಂಡು ಬಂದಿದ್ದರು. ಆ ಚರಿತ್ರೆಯನ್ನು ಸ್ವಲ್ಪಮಟ್ಟಿಗೆ ನಿರೂಪಿಸಿ, ಅದರಿಂದ ನಮಗೆ ಒದಗುವ ಬುದ್ಧಿಯನ್ನು ತೋರಿಸುವುದೇ ಈ ಲೇಖನದ ಉದ್ದೇಶ.

೨

ಕಡತವನ್ನು ಸಿದ್ಧಪಡಿಸುವ ಕ್ರಮವು ಸರಳವಾದುದು. ಹುಣಿಸೆಯ ಬೀಜವನ್ನು ಪುಡಿಮಾಡಿ ಬೇಯಿಸಿದರೆ ಬಲವಾದ ಅಂಟು ದೊರೆಯುತ್ತದೆ. ಅದರಲ್ಲಿ ಇದ್ದಲಿನ ನುಣ್ಣನೆಯ ಪುಡಿಯನ್ನು ಕಲಸಿ, ಹತ್ತಿಯ ಬಟ್ಟೆಯ ಎರಡು ಮಗ್ಗುಲುಗಳಿಗೂ ಬಳಿದು ಒಣಗಿಸುವರು. ಬಟ್ಟೆಯು ಗಡುಸಾಗಿ, ಕಪ್ಪಾಗಿ, ಹಲಗೆಯಂತಾಗುತ್ತದೆ. ಇದನ್ನು ಕತ್ತರಿಸದೆ ಹಿಂದಕ್ಕೂ ಮುಂದಕ್ಕೂ ಮಡಿಸುತ್ತ ಹೋದರೆ ಪುಸ್ತಕದ ಆಕಾರವು ಬರುತ್ತದೆ. ಎರಡು ಕೊನೆಗಳಿಗೂ ಮರದ ರಟ್ಟುಗಳನ್ನು ಸೇರಿಸಿ ದಾರದಿಂದ ಕಟ್ಟುವ ವಾಡಿಕೆಯಿದ್ದಿತು. ಬರೆಯುವ ಸಾಧನ ಬಳಪ. ಕಪ್ಪಿನ ಮೇಲೆ ಬಿಳಿಯ ಅಕ್ಷರ. ಒದ್ದೆಯ ಬಟ್ಟೆಯಿಂದ ಒರಸಿದರೆ ಅಕ್ಷರವು ಮಾಯ, ಹಾಳೆಯು ಮತ್ತೆ ಸಿದ್ಧ.

ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು ೧೮೧೦ರಲ್ಲಿ ಮೊದಲನೆಯ ಸಂಪುಟವನ್ನು ಪ್ರಕಟಿಸಿದ ತನ್ನ ದಕ್ಷಿಣದೇಶದ ಚರಿತ್ರೆಯಲ್ಲಿ ಈ ಪುಸ್ತಕವನ್ನು ವರ್ಣಿಸಿದ್ದಾನೆ. ಅವನು ಕಂಡ ಕಡತಗಳ ಬಟ್ಟೆಯು ೮ ಅಂಗುಲದಿಂದ ಒಂದು ಅಡಿಯವರೆಗೆ ಅಗಲವಾಗಿಯೂ, ೧೨ರಿಂದ ೧೮ ಅಡಿಯವರೆಗೆ ಉದ್ದವಾಗಿಯೂ ಇದ್ದಿತು. ಚರಿತ್ರೆಯನ್ನು ಬರೆಯಹೊರಟವನು ಬರೆಯುವ ಬಟ್ಟೆಯನ್ನು ಇಷ್ಟು ಗಮನಿಸಿದುದಕ್ಕೆ ಕಾರಣವುಂಟು: ಅವನಿಗೆ ಬೇಕಾದ ಆಧಾರಗಳೇ ಕಡತಗಳಿಂದ ಬಂದಿದ್ದುವು. ಟಿಪ್ಪು ಸುಲ್ತಾನನ ಆಜ್ಞೆಯಂತೆ ಕನ್ನಡ ಕಡತಗಳಿಂದ ಪಾರಸೀಕ ಭಾಷೆಗೆ ತಂದ ಮೈಸೂರು ಅರಸರ ವಂಶಚರಿತ್ರೆಯೊಂದನ್ನು ಅವನು ತನ್ನ ಆಧಾರಗಳಲ್ಲಿ ಹೆಸರಿಸಿರುತ್ತಾನೆ.

ತರುವಾಯ ಬಿ. ಎಲ್. ರೈಸರವರು ಮೈಸೂರು ಸಂಸ್ಥಾನವನ್ನು ಕುರಿತ ತಮ್ಮ ಗ್ರಂಥದಲ್ಲಿ ಕಡತದ ವಿಷಯವನ್ನು ಬರೆದರು. ಅವರಿಂದ ಈ ಸಂಗತಿಯನ್ನು ತೆಗೆದುಕೊಂಡು, ಜರ್ಮನಿಯ ಪಂಡಿತ ಬ್ಯೂಲರನು ೧೮೯೬ರಲ್ಲಿ ಪ್ರಕಟವಾದ ಭಾರತೀಯ ಲಿಪಿಶಾಸ್ತ್ರದಲ್ಲಿ, ಕನ್ನಡ ವರ್ತಕರು ಲೆಕ್ಕಗಳಿಗೆ ಹುಣಿಸೆಬೀಜದ ಅಂಟು ಬಳಿದು ಇದ್ದಲಿನಿಂದ ಕಪ್ಪುಮಾಡಿದ ಬಟ್ಟೆಯನ್ನು ಉಪಯೋಗಿಸುವರೆಂದು ಸೇರಿಸಿದನು. ಹೀಗೆ ನಮ್ಮ ಪೇಟೆಯ ಅಂಗಡಿಗಳ ಲೆಕ್ಕದ ಪುಸ್ತಕವು ಯುರೋಪಿನ ವಿದ್ವಾಂಸರ ಗ್ರಂಥಗಳಲ್ಲಿ ಸ್ಥಾನವನ್ನು ಪಡೆಯಿತು.

ಶಬ್ದವು ವಸ್ತುವಿನ ಈ ವರ್ಣನೆಗಳಿಗಿಂತ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ 'ಕಡಿತವೆರ್ಗಡೆ' ಎಂಬ ಅಧಿಕಾರಿಯ ಹೆಸರು ಬರುತ್ತದೆ. ಕಡಿತವೆಂದರೆ ಲೆಕ್ಕಪತ್ರ, ಅದರ ಮೇಲ್ವಿಚಾರಣೆಗೆ ನೇಮಿಸಲ್ಪಟ್ಟ ಹೆಗ್ಗಡೆಯೇ ಕಡಿತವೆರ್ಗಡೆ. ಅಂದಿನ ಕಡಿತವು ಇದೇ ಇದ್ದಲು ಬಳಿದ ಬಟ್ಟೆಯೇ ಎಂಬುದನ್ನು ಆ ಹೆಸರೊಂದರಿಂದಲೇ ಸಾಧಿಸಲಾಗದು. ಬಟ್ಟೆಯ ಮೇಲೆ ಬರೆಯುವ ಪದ್ಧತಿಯಾದರೋ ಇನ್ನೂ ಪ್ರಾಚೀನವಾದುದು. ಅಲೆಗ್ಸಾಂಡರನ ನೌಕಾಧಿಪತಿಯಾಗಿದ್ದ ನಿಯಾರ್ಕಸನು, ಈ ದೇಶದವರು ಒತ್ತಾಗಿ ನೆಯ್ದ ಬಟ್ಟೆಯ ಮೇಲೆ ಪತ್ರಗಳನ್ನು ಬರೆಯುವರೆಂದು ತಿಳಿಸಿದುದನ್ನು ಸ್ಟ್ರಾಬೋ ಎಂಬ ಭೂಗೋಳಕಾರನು ಉದ್ಧರಿಸಿದ್ದಾನೆ. ಇಷ್ಟನ್ನು ಮಾತ್ರ ನಿಸ್ಸಂದೇಹವಾಗಿ ಹೇಳಬಹುದು: ಎಂಟು ಒಂಬತ್ತು ನೂರು ವರ್ಷಗಳಿಂದಲೂ ಕನ್ನಡನಾಡಿನಲ್ಲಿ ಲೆಕ್ಕಪತ್ರದ ಹೆಸರು ಇದೇ ಆಗಿದ್ದಿತು, ಹತ್ತೊಂಬತ್ತನೆಯ ಶತಮಾನದ ವೇಳೆಗೆ ಆ ಹೆಸರಿನ ವಸ್ತುವು ಅಳಿಸಿ ಬರೆಯಬಹುದಾದ ಕರಿಯ ಬಟ್ಟೆಯಾಗಿದ್ದಿತು.

೩

ಕಡತದ ಮಹತ್ವವನ್ನು ತಿಳಿಯಬೇಕಾದರೆ ಅದರ ನೆರೆಯಲ್ಲಿದ್ದ ಇತರ ಬರಹಗಳನ್ನೂ ನೋಡಬೇಕು. ನಮ್ಮ ಪೂರ್ವಿಕರು ಎಲ್ಲವನ್ನೂ ಒಂದೇ ವಸ್ತುವಿನ ಮೇಲೆ ಬರೆಯುತ್ತಿರಲಿಲ್ಲ. ದೇವಸ್ಥಾನಕ್ಕೆ ಬಿಟ್ಟ ಭೂಮಿ, ಊರಿಗಾಗಿ ಮಡಿದ ವೀರನ ಹೆಸರು, ಕೆರೆಗೆ ಕೊಟ್ಟ ಮಾನ್ಯ, ಇವು ಕಲ್ಲಿನ ಮೇಲೆ ಬರೆಯತಕ್ಕವು. ದಾನವನ್ನು ಪಡೆದವನ ಮನೆಯಲ್ಲಿ ವಂಶಪಾರಂಪರ್ಯವಾಗಿ ಇರತಕ್ಕ ಪತ್ರವು ತಾಮ್ರಪಟ. ಕಾವ್ಯ, ಶಾಸ್ತ್ರ, ಪುರಾಣಗಳಿಗೆ ಓಲೆಗರಿ. ಅದರ ಮೇಲೆ ಕಂಟದಿಂದ ಕೊರೆಯುವುದರಿಂದ ಒರಸಿದರೆ ಹೋಗುವ ಭಯವಿಲ್ಲ, ಹಳತಾದರೆ ಪ್ರತಿಮಾಡಬೇಕು. ಇನ್ನು ದಿನದಿನವೂ ಬದಲಾಗುವ ಕೊಡುಕೊಳ್ಳುವ ಲೆಕ್ಕ, ಕಂದಾಯದ ಬಾಕಿ, ಧಾನ್ಯದ ಆಯವ್ಯಯ, ಇವುಗಳಿಗೆ ಕಡತ. ಅಕ್ಷರಾಭ್ಯಾಸಕ್ಕೆ ಕೂಲಿಮಠದ ಹುಡುಗನ ಮುಂದೆ ಹರಡಿದ ಮರಳು.

ಈ ವ್ಯವಸ್ಥೆಯಲ್ಲಿ ಅಳಿಸುವಿಕೆಗೆ ಎರಡು ಬೆಲೆಗಳಿದ್ದುವು. ಶಿಲಾಶಾಸನಗಳ ಕೊನೆಯಲ್ಲಿ, ಈ ಧರ್ಮವನ್ನು ಅಳಿದವನು ಪುಣ್ಯಕ್ಷೇತ್ರದಲ್ಲಿ ಗೋಹತ್ಯೆಯನ್ನು ಮಾಡಿದ ಪಾಪಕ್ಕೆ ಗುರಿಯಾಗುವನೆಂಬ ಶಾಪವಾಕ್ಯವು ಸಾಮಾನ್ಯ. ಇಲ್ಲಿ 'ಅಳಿ' ಎಂಬುದು ಕೆಡಿಸು, ಹಾಳುಮಾಡು ಎಂಬ ಅರ್ಥದಲ್ಲಿದೆ. ಇದೇ ಧಾತುವಿನಿಂದ ಬಂದುದು ನಮ್ಮ 'ಅಳಿಸು'. ಕಲ್ಲಿನ ವಿಷಯದಲ್ಲಿ ಮಹಾಪಾತಕವಾದ ಕಾರ್ಯವು ಕಡತದ ವಿಷಯದಲ್ಲಿ ನಿತ್ಯದ ಕೆಲಸ. ತೀರಿದ ಸಾಲವನ್ನು ಒರಸದಿದ್ದರೆ ಸಾಲಗಾರನಿಗೆ ಅನ್ಯಾಯ. ಸಂದ ಕಂದಾಯವನ್ನು ಬಾಕಿಯೆಂದೇ ಬಿಟ್ಟರೆ ರೈತನಿಗೆ ಅನ್ಯಾಯ. ಆದುದರಿಂದ ಅಳಿಸಬಹುದಾದ ಬರಹವು ಕೀಳು, ಅಳಿಸಲಾಗದುದು ಮೇಲು ಎಂಬ ಭಾವನೆಯು ಸರಿಯಲ್ಲ. ಒಂದೊಂದು ಬರಹಕ್ಕೂ ತಕ್ಕ ಸ್ಥಳವಿದ್ದಿತು. ಆ ಸ್ಥಳವನ್ನು ತಪ್ಪಿಸಿದಾಗಲೇ ಕೇಡು.

ಇಲ್ಲಿ ಇನ್ನೊಂದು ಸಂಗತಿಯು ಚಿಂತನೆಗೆ ತಕ್ಕುದಾಗಿದೆ. ಕಡತದ ಮೇಲೆ ಗೀಚುವ ಬಳಪವೂ, ಹೊಯ್ಸಳರು ಬೇಲೂರು ಹಳೇಬೀಡುಗಳಲ್ಲಿ ದೇವಾಲಯಗಳನ್ನು ಕಟ್ಟಿಸಿದ ಶಿಲೆಯೂ ಒಂದೇ ಜಾತಿಯವು. ಆ ಶಿಲೆಗೆ ಜನರು ಬಳಪದ ಕಲ್ಲೆಂದೇ ಹೆಸರಿಟ್ಟಿರುತ್ತಾರೆ. ಅದು ಗಣಿಯಿಂದ ಬಂದಾಗ ಮೃದು. ಆದಕಾರಣವೇ ಶಿಲ್ಪಿಯ ಉಳಿಗೆ ಅಷ್ಟು ಸೂಕ್ಷ್ಮವಾದ ಕೆಲಸವು ಸಾಧ್ಯವಾಯಿತು. ಆದಕಾರಣವೇ ಶಾನುಭೋಗನ ಕೈಯಲ್ಲಿ ಅದು ಬಟ್ಟೆಯ ಮೇಲೆ ಗೆರೆಯನ್ನು ಬಿಟ್ಟಿತು. ಒಂದೇ ಕಲ್ಲು ಒಂದೆಡೆ ಒಂಬತ್ತು ನೂರು ವರ್ಷಗಳಿಂದ ನಿಂತಿದೆ, ಇನ್ನೊಂದೆಡೆ ಸಂಜೆಗೆ ಒರಸಲ್ಪಟ್ಟಿದೆ. ಬಾಳಿಕೆಯು ವಸ್ತುವಿನಲ್ಲಿಲ್ಲ, ಅದನ್ನು ಯಾವುದಕ್ಕಾಗಿ ನೇಮಿಸಿದೆವೆಂಬುದರಲ್ಲಿದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ದೃಷ್ಟಾಂತವು ಬೇಕಾಗಿಲ್ಲ.

೪

ಸ್ಥಳವನ್ನು ತಪ್ಪಿಸಿದಾಗ ಕೇಡು ಎಂದೆವಷ್ಟೆ. ಇದಕ್ಕೆ ಉದಾಹರಣೆಗಳು ಎಲ್ಲ ದೇಶಗಳಲ್ಲಿಯೂ ಉಂಟು. ನಮ್ಮಲ್ಲಿ ತಾಮ್ರಪಟಗಳ ಹಳೆಯ ಬರಹವನ್ನು ಬಡಿದು ಅಡಗಿಸಿ ಹೊಸ ದಾನವನ್ನು ಕೊರೆದ ನಿದರ್ಶನಗಳು ಶಾಸನಪರಿಶೋಧಕರಿಗೆ ಪರಿಚಿತವಾಗಿವೆ. ಯುರೋಪಿನಲ್ಲಿ ಚರ್ಮಪತ್ರವು ದುಬಾರಿಯಾಗಿದ್ದುದರಿಂದ ಹಳೆಯ ಗ್ರಂಥಗಳನ್ನು ಕೆರೆದು ಅದೇ ಹಾಳೆಗಳಲ್ಲಿ ಹೊಸ ಗ್ರಂಥಗಳನ್ನು ಬರೆಯುತ್ತಿದ್ದರು. ಗ್ರೀಕರ ಗಣಿತಜ್ಞನಾದ ಆರ್ಕಿಮಿಡೀಸನ ಕೃತಿಗಳಿದ್ದ ಒಂದು ಹಸ್ತಪ್ರತಿಯನ್ನು ಹದಿಮೂರನೆಯ ಶತಮಾನದಲ್ಲಿ ಹೀಗೆ ಕೆರೆದು ಪ್ರಾರ್ಥನೆಯ ಪುಸ್ತಕವನ್ನಾಗಿ ಮಾಡಿದರು. ೧೯೦೬ರಲ್ಲಿ ಡೆನ್ಮಾರ್ಕಿನ ಹೈಬರ್ಗ್ ಎಂಬ ಪಂಡಿತನು ಪ್ರಾರ್ಥನೆಯ ಸಾಲುಗಳ ಕೆಳಗೆ ಮಸುಕಾಗಿ ಉಳಿದಿದ್ದ ಗಣಿತವನ್ನು ಗುರುತಿಸಿದನು. ಕೆರೆದವರು ದುಷ್ಟರಲ್ಲ, ಅವರಿಗೆ ಹಾಳೆ ಬೇಕಾಗಿದ್ದಿತು, ಆ ಗಣಿತವನ್ನು ಓದುವವರು ಹತ್ತಿರದಲ್ಲಿರಲಿಲ್ಲ, ಅಷ್ಟೆ.

ನಮ್ಮ ಕಾಲದಲ್ಲಿಯೇ ನಡೆದ ಸಂಗತಿಯು ಇದಕ್ಕಿಂತ ಸೋಜಿಗವಾದುದು. ೧೯೬೯ರ ಜುಲೈ ತಿಂಗಳಲ್ಲಿ ಮನುಷ್ಯನು ಮೊದಲು ಚಂದ್ರನ ಮೇಲೆ ಕಾಲಿಟ್ಟಾಗ ಅಲ್ಲಿಂದ ಬಂದ ಸಂಕೇತಗಳನ್ನು ಕಾಂತಸುರುಳಿಗಳಲ್ಲಿ ದಾಖಲುಮಾಡಿದ್ದರು. ಅಮೆರಿಕಾದ ಬಾಹ್ಯಾಕಾಶ ಸಂಸ್ಥೆಯಾದ ನಾಸಾ ಬಹುಕಾಲ ಹುಡುಕಿ, ಆ ಮೂಲ ಸುರುಳಿಗಳು ಬಹುಶಃ ಸುರುಳಿಗಳ ಅಭಾವದ ದಿನಗಳಲ್ಲಿ ಅಳಿಸಲ್ಪಟ್ಟು ಬೇರೆ ಕೆಲಸಕ್ಕೆ ಉಪಯೋಗವಾದುವೆಂದು ೨೦೦೯ರಲ್ಲಿ ಪ್ರಕಟಿಸಿತು. ದೂರದರ್ಶನಕ್ಕಾಗಿ ಪ್ರಸಾರವಾದ ಪ್ರತಿಗಳು ಉಳಿದುದರಿಂದ ಲೋಕಕ್ಕೆ ಆ ದೃಶ್ಯವು ದಕ್ಕಿದೆ. ಮೂಲದ ಸ್ಪಷ್ಟತೆಯು ಮಾತ್ರ ಹೋಯಿತು. ಕಲ್ಲಿನ ಮೇಲೆ ಇರತಕ್ಕುದನ್ನು ಕಡತದ ಮೇಲೆ ಬರೆದು, ಕಡತವನ್ನು ಕಡತದಂತೆಯೇ ನಡಸಿಕೊಂಡುದರ ಫಲವಿದು.

ಈಗ ನಮ್ಮ ಮನೆಯ ಬಿಲ್ಲೆಗಳ ವಿಷಯಕ್ಕೆ ಬರೋಣ. ಮೊದಲು ಬಂದ ಸಿ.ಡಿ. ಬಿಲ್ಲೆಗಳು ಕಾರ್ಖಾನೆಯಲ್ಲಿ ಅಚ್ಚೊತ್ತಲ್ಪಟ್ಟವು. ಅವು ಓದುವುದಕ್ಕೆ ಮಾತ್ರ ಯೋಗ್ಯ. ಆ ಬಳಿಕ ಮನೆಯಲ್ಲಿ ಒಂದೇ ಸಲ ಬರೆಯಬಹುದಾದ ಸಿ.ಡಿ.-ಆರ್. ಬಂದಿತು, ಅದರಲ್ಲಿ ಲೇಸರ್ ಕಿರಣವು ಒಂದು ಬಣ್ಣದ ಪದರವನ್ನು ಸುಟ್ಟು ಗುರುತುಮಾಡುತ್ತದೆ, ಸುಟ್ಟುದನ್ನು ಹಿಂದಕ್ಕೆ ತರಲಾಗದು. ೧೯೯೭ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.-ಆರ್.ಡಬ್ಲ್ಯು. ಎಂಬುದೇ ಅಳಿಸಿ ಬರೆಯುವ ಬಿಲ್ಲೆ. ಇದರಲ್ಲಿ ಬಣ್ಣದ ಬದಲು ಬೆಳ್ಳಿ, ಇಂಡಿಯಂ, ಆಂಟಿಮನಿ, ಟೆಲ್ಲೂರಿಯಂ ಎಂಬ ನಾಲ್ಕು ಧಾತುಗಳ ಮಿಶ್ರಲೋಹದ ಬಹು ತೆಳುವಾದ ಪದರವಿರುತ್ತದೆ. ಈ ಲೋಹಕ್ಕೆ ಎರಡು ಸ್ಥಿತಿಗಳು. ಕಣಗಳು ಕ್ರಮವಾಗಿ ಜೋಡಿಸಿಕೊಂಡಾಗ ಅದು ಹರಳಿನಂತಾಗಿ ಬೆಳಕನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ. ಕಣಗಳು ಅಸ್ತವ್ಯಸ್ತವಾದಾಗ ಮಬ್ಬಾಗುತ್ತದೆ. ತೀಕ್ಷ್ಣವಾದ ಲೇಸರಿನಿಂದ ಒಂದು ಚುಕ್ಕೆಯನ್ನು ೫೦೦ ಡಿಗ್ರಿಗಳಿಗೂ ಮೇಲೆ ಕಾಯಿಸಿ ಕರಗಿಸಿದರೆ, ಅದು ಕ್ಷಣದಲ್ಲಿ ಆರಿ ಮಬ್ಬಾಗಿಯೇ ಉಳಿಯುತ್ತದೆ, ಇದು ಬರೆಯುವುದು. ಅದೇ ಚುಕ್ಕೆಯನ್ನು ಸುಮಾರು ೨೦೦ ಡಿಗ್ರಿಗಳಷ್ಟು ಮಾತ್ರ ಹದವಾಗಿ ಕಾಯಿಸಿದರೆ ಕಣಗಳು ಮತ್ತೆ ಸಾಲಾಗಿ ನಿಲ್ಲುತ್ತವೆ, ಇದು ಅಳಿಸುವುದು. ಕಾವಿನ ಹೆಚ್ಚು ಕಡಿಮೆಯಲ್ಲಿಯೇ ಬರಹವೂ ಒರಸುವುದೂ ಅಡಗಿವೆ. ಇಂತಹ ಮಿಶ್ರಣಗಳು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗಿ ಹಿಂದಿರುಗಬಲ್ಲುವೆಂಬುದನ್ನು ಅಮೆರಿಕಾದ ಓವ್ಶಿನ್ಸ್ಕಿ ಎಂಬಾತನು ೧೯೬೮ರಲ್ಲಿ ಪ್ರಕಟಿಸಿದ್ದನು.

ಒಂದು ಬಿಲ್ಲೆಯಲ್ಲಿ ೬೫೦ ಅಥವಾ ೭೦೦ ಮೆಗಾಬೈಟುಗಳಷ್ಟು ಹಿಡಿಯುತ್ತದೆ. ಈಗಿನ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಬರಹವನ್ನು ಮಾತ್ರ ತುಂಬಿದರೆ ಇದು ಸುಮಾರು ಒಂದು ಲಕ್ಷ ಪುಟ. ವಿಲ್ಕ್ಸನು ಕಂಡ ಹದಿನೆಂಟು ಅಡಿಯ ಕಡತವು ಇದರ ಮುಂದೆ ಗಣನೆಗೆ ಬಾರದು. ಸುಮಾರು ಒಂದು ಸಾವಿರ ಸಲ ಅಳಿಸಿ ಬರೆಯಬಹುದೆಂದು ತಯಾರಕರು ಹೇಳಿದರು. ಆದರೆ ಈ ಬಿಲ್ಲೆಯು ಬೆಳಕನ್ನು ಪ್ರತಿಫಲಿಸುವುದು ಸಾಧಾರಣ ಬಿಲ್ಲೆಗಿಂತ ಬಹಳ ಕಡಿಮೆಯಾದುದರಿಂದ ಹಳೆಯ ಯಂತ್ರಗಳು ಇದನ್ನು ಓದಲಾರವು. ಗೀರು, ಬಿಸಿಲು, ಸೆಕೆಗಳೂ ಇದಕ್ಕೆ ಶತ್ರುಗಳೇ.

ಇನ್ನೊಂದು ವಿಷಯವನ್ನು ಗೃಹಸ್ಥರು ಮುಖ್ಯವಾಗಿ ಗಮನಿಸಬೇಕು. ಗಣಕಯಂತ್ರವು ಬಿಲ್ಲೆಯನ್ನು ಅಳಿಸುವಾಗ ಎರಡು ಮಾರ್ಗಗಳನ್ನು ಮುಂದಿಡುತ್ತದೆ. ಒಂದು ಶೀಘ್ರವಾದುದು, ಅದು ವಿಷಯಾನುಕ್ರಮಣಿಕೆಯನ್ನು ಮಾತ್ರ ಅಳಿಸಿ, ಪುಟಗಳು ಖಾಲಿಯೆಂದು ಹೇಳುತ್ತದೆ. ಬರಹವು ಒಳಗೇ ಇರುತ್ತದೆ. ತಿಳಿದವನು ಅದನ್ನು ಹೊರಕ್ಕೆ ತೆಗೆಯಬಲ್ಲನು. ಇನ್ನೊಂದು ಪೂರ್ಣವಾದುದು, ಅದು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಕಾಯಿಸಿ ಒರಸುತ್ತದೆ, ಹೊತ್ತು ಹೆಚ್ಚು ಹಿಡಿಯುತ್ತದೆ. ಮನೆಯೊಳಗೇ ಮತ್ತೆ ಉಪಯೋಗಿಸುವುದಾದರೆ ಮೊದಲನೆಯದು ಸಾಕು. ಬ್ಯಾಂಕಿನ ಲೆಕ್ಕ, ಗುರುತಿನ ಪತ್ರ, ಆಸ್ತಿಯ ಕಾಗದಗಳ ಪ್ರತಿಗಳಿದ್ದ ಬಿಲ್ಲೆಯನ್ನು ಇನ್ನೊಬ್ಬರ ಕೈಗೆ ಕೊಡುವುದಾದರೆ ಎರಡನೆಯದೇ ಆಗಬೇಕು. ಅನುಕ್ರಮಣಿಕೆಯ ಹಾಳೆಯನ್ನು ಹರಿದ ಮಾತ್ರಕ್ಕೆ ಪುಸ್ತಕವು ನಾಶವಾಗುವುದಿಲ್ಲವಷ್ಟೆ.

೫

ಇಲ್ಲಿಯವರೆಗೆ ಹೇಳಿದುದರಿಂದ, ಅಳಿಸಬಹುದಾದುದು ಬೇಗನೆ ಅಳಿಯುವುದು, ಅಳಿಸಲಾಗದುದು ಶಾಶ್ವತವಾಗಿರುವುದು ಎಂದು ವಾಚಕರು ಊಹಿಸಬಹುದು. ಚರಿತ್ರೆಯು ಈ ಊಹೆಯನ್ನು ಒಪ್ಪುವುದಿಲ್ಲ. ಶೃಂಗೇರಿಯ ಮಠದಲ್ಲಿ ಭೂಮಿ, ಆದಾಯ, ಪತ್ರವ್ಯವಹಾರಗಳಿಗೆ ಸಂಬಂಧಿಸಿದ ನೂರಾರು ಕಡತಗಳು ಶತಮಾನಗಳನ್ನು ದಾಟಿ ಉಳಿದುಬಂದಿವೆ. ಮೈಸೂರಿನ ಪುರಾತತ್ತ್ವ ಇಲಾಖೆಯವರು ಇಪ್ಪತ್ತನೆಯ ಶತಮಾನದ ಮೊದಲಲ್ಲಿಯೇ ಅವನ್ನು ಗಮನಿಸಿದರು. ಮುಂದೆ ವಿದ್ವಾಂಸರು ಅವುಗಳಿಂದ ಮಠದ ಮತ್ತು ಆ ಸೀಮೆಯ ಚರಿತ್ರೆಯನ್ನು ಬರೆದಿರುತ್ತಾರೆ. ಒಂದು ಒದ್ದೆಯ ಬಟ್ಟೆಗೆ ಅಳಿದುಹೋಗಬಹುದಾಗಿದ್ದ ಬಳಪದ ಅಕ್ಷರಗಳು ಇಂದಿಗೂ ಓದಲು ದೊರೆಯುತ್ತವೆ. ಕಾರಣವೇನು? ಬರಹದ ದ್ರವ್ಯವು ಕಲ್ಲು, ನೆಲವು ಇದ್ದಲು, ಎರಡೂ ಬೆಳಕಿಗೆ ಬಣ್ಣಗೆಡುವ ವಸ್ತುಗಳಲ್ಲ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಅವುಗಳನ್ನು ಒರಸಬಾರದೆಂದು ನಿಶ್ಚಯಿಸಿ, ಕಟ್ಟಿ, ಕಾಪಾಡಿದವರು ಅಲ್ಲಿ ತಲೆಮಾರುಗಳ ಪರ್ಯಂತ ಇದ್ದರು.

ಇದಕ್ಕೆ ಎದುರಾದ ನಿದರ್ಶನವು ಹೊರಮಾವಿನ ಪಶ್ಚಿಮಕ್ಕೆ ಕೆಲವೇ ಮೈಲಿಗಳ ದೂರದ ಹೆಬ್ಬಾಳದಲ್ಲಿದೆ. ಗಂಗರ ಶ್ರೀಪುರುಷನ ಕಾಲದಲ್ಲಿ, ಸುಮಾರು ಕ್ರಿ.ಶ. ೭೫೦ರಲ್ಲಿ, ಹೋರಾಡಿ ಮಡಿದ ಕಿತ್ತಯ್ಯನೆಂಬ ವೀರನ ಶಿಲಾಶಾಸನವು ಅಲ್ಲಿ ೨೦೧೮ರಲ್ಲಿ ಬೆಳಕಿಗೆ ಬಂದಿತು. ಬೆಂಗಳೂರಿನಲ್ಲಿ ಇದುವರೆಗೆ ತಿಳಿದುಬಂದಿರುವ ಕನ್ನಡ ಶಾಸನಗಳಲ್ಲಿ ಅದು ಅತ್ಯಂತ ಪ್ರಾಚೀನವೆಂದು ಎಣಿಸುತ್ತಾರೆ. ಕಲ್ಲಿನಲ್ಲಿ ಕೊರೆದುದಾದರೂ ಕಾಯುವವರಿಲ್ಲದೆ ಅದು ಜನರ ಕಣ್ಣಿಗೆ ಬೀಳದೆ ಹೋಗಿದ್ದಿತು. ಆಸಕ್ತರಾದ ನಾಗರಿಕರು ಹುಡುಕದಿದ್ದರೆ ಯಾವುದೋ ಕಟ್ಟಡದ ಅಸ್ತಿವಾರಕ್ಕೆ ಸೇರಿಹೋಗಬಹುದಾಗಿದ್ದಿತು. ಬಟ್ಟೆಯ ಮೇಲಿನ ಬಳಪವು ಉಳಿಯಿತು, ಬಂಡೆಯ ಮೇಲಿನ ಅಕ್ಷರವು ಕಳೆದುಹೋಗುವುದರಲ್ಲಿದ್ದಿತು. ಉಳಿಸುವವನಿದ್ದರೆ ಮಾತ್ರ ಉಳಿಯುತ್ತದೆ.

ಉಳಿದರೂ ಓದುವವನು ಬೇಕು. ಕಡತಗಳ ಬರಹವು ಅನೇಕವೇಳೆ ಅವಸರದ ಮೋಡಿಯ ಅಕ್ಷರ. ಒಂದರೊಡನೊಂದು ಹೆಣೆದುಕೊಂಡ ಆ ಬರಹವನ್ನು ಬಿಡಿಸಬಲ್ಲವರು ಈಗ ಬೆರಳೆಣಿಕೆಯಷ್ಟು. ಗಣಕಯಂತ್ರದ ಬರಹಕ್ಕೂ ಇಂತಹ ಮೋಡಿಯುಂಟು. ೧೯೯೮ರಲ್ಲಿ 'ಬರಹ' ಎಂಬ ತಂತ್ರಾಂಶವೂ, ಆ ಬಳಿಕ ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ ಬಂದು ಕನ್ನಡಿಗರಿಗೆ ಗಣಕಯಂತ್ರದಲ್ಲಿ ಬರೆಯುವ ಭಾಗ್ಯವನ್ನು ಕೊಟ್ಟುವು. ಆದರೆ ಆ ಕಾಲದ ಕಡತಗಳಲ್ಲಿ ಬಹುಪಾಲು ಅಕ್ಷರದ ಆಕೃತಿಗಳಿಗೆ ಕೊಟ್ಟ ಸಂಕೇತಗಳಿಂದ ಬರೆದವು. ಅದಕ್ಕೆ ತಕ್ಕ ಅಕ್ಷರಜೋಡಣೆಯು ಯಂತ್ರದಲ್ಲಿ ಇಲ್ಲದಿದ್ದರೆ ತೆರೆದವನ ಕಣ್ಣಿಗೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಲೋಕಸಾಮಾನ್ಯವಾದ ಯೂನಿಕೋಡ್ ಸಂಕೇತವು ಬಳಕೆಗೆ ಬಂದಮೇಲೆ ಈ ತೊಡಕು ಹೊಸ ಬರಹಕ್ಕಿಲ್ಲ. ಹಳೆಯ ಬಿಲ್ಲೆಗಳಲ್ಲಿರುವುದನ್ನು ಮಾತ್ರ ಪರಿವರ್ತಿಸಿಕೊಳ್ಳದೆ ವಿಧಿಯಿಲ್ಲ. ಬಿಲ್ಲೆಯನ್ನು ಓದುವ ಯಂತ್ರವೇ ಹೊಸ ಗಣಕಗಳಲ್ಲಿ ಅನೇಕಕ್ಕೆ ಇಲ್ಲದಿರುವುದರಿಂದ ಈ ಕೆಲಸವನ್ನು ಮುಂದೂಡುವಂತೆಯೂ ಇಲ್ಲ.

೬

ಕಡೆಯದಾಗಿ, ಅಳಿಸುವ ಅಧಿಕಾರವು ಯಾರದೆಂಬ ಪ್ರಶ್ನೆಯುಳಿಯಿತು. ಹೊರಮಾವಿನಂತಹ ಹಳ್ಳಿಗಳಲ್ಲಿ ಭೂಮಿಯ ಲೆಕ್ಕವು ಪರಂಪರೆಯಿಂದ ಬಂದ ಶಾನುಭೋಗನ ಕೈಯಲ್ಲಿತ್ತು. ಅವನು ನ್ಯಾಯವಂತನಾದರೆ ಊರಿಗೆ ನೆಮ್ಮದಿ. ಅಲ್ಲವಾದರೆ ಒಂದು ಗೆರೆಯನ್ನು ಒರಸಿ ಇನ್ನೊಂದನ್ನು ಬರೆಯುವುದಕ್ಕೆ ಅವನ ಬೆರಳೇ ಸಾಕಾಗಿದ್ದಿತು. ಮೈಸೂರಿನಲ್ಲಿ ೧೮೬೩ರಿಂದ ಕಂದಾಯದ ಮೋಜಣಿಯು ನಡೆದು, ಹೊಲಗಳಿಗೆ ಅಂಕೆ, ಗಡಿಕಲ್ಲು, ಕಾಗದದ ದಾಖಲೆಗಳು ಬಂದುವು. ವಂಶಪಾರಂಪರ್ಯದ ಗ್ರಾಮಾಧಿಕಾರಗಳು ೧೯೬೧ರ ಕಾಯಿದೆಯಿಂದ ರದ್ದಾದುವು. ತರುವಾಯ ೨೦೦೦ನೆಯ ಇಸವಿಯ ಆಸುಪಾಸಿನಲ್ಲಿ ಕರ್ನಾಟಕ ಸರಕಾರವು 'ಭೂಮಿ' ಎಂಬ ಯೋಜನೆಯಿಂದ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಕೈಬರಹದ ಪಹಣಿಯ ಬಳಕೆಯನ್ನು ನಿಲ್ಲಿಸಿತು. ಈ ಯೋಜನೆಯಲ್ಲಿ ದಾಖಲೆಯನ್ನು ಬದಲಾಯಿಸುವ ಅಧಿಕಾರಿಯು ತನ್ನ ಬೆರಳಿನ ಗುರುತನ್ನು ಯಂತ್ರಕ್ಕೆ ಒಪ್ಪಿಸಬೇಕಾದ ಏರ್ಪಾಡು ಮಾಡಲ್ಪಟ್ಟಿತು. ಹಿಂದೆ ಬೆರಳು ಬರಹವನ್ನು ಒರಸಿ ಗುರುತು ಸಿಕ್ಕದಂತೆ ಮಾಡುತ್ತಿದ್ದಿತು. ಈಗ ಬರಹವನ್ನು ಮುಟ್ಟಿದ ಬೆರಳೇ ಗುರುತಾಗಿ ನಿಲ್ಲುತ್ತದೆ. ಹೊಲವು ಮನೆಯ ನಿವೇಶನವಾಗಿ, ನಿವೇಶನವು ಮಹಡಿಗಳಾಗಿ ಬೆಳೆದ ಊರಿನಲ್ಲಿ, ಒಂದು ಹೆಸರು ಅಳಿದು ಇನ್ನೊಂದು ಬರುವ ಈ ವ್ಯವಹಾರದಲ್ಲಿ ಕುಟುಂಬಗಳ ಜೀವಮಾನದ ಸಂಪಾದನೆಯೇ ಅಡಗಿರುತ್ತದೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಸರಕಾರವು ತನ್ನ ಕಡತಕ್ಕೆ ಕಾವಲನ್ನಿಟ್ಟುಕೊಂಡಿತು. ಮನೆಯ ಕಡತಕ್ಕೆ ಕಾವಲು ಮನೆಯವರೇ. ಅಜ್ಜಿಯ ಹಾಡಿನ ಧ್ವನಿ, ಮದುವೆಯ ಚಿ‌ತ್ರಗಳು, ತಂದೆಯು ಬರೆದ ಅಚ್ಚಾಗದ ಲೇಖನಗಳು, ಇವು ಒಂದೇ ಒಂದು ಅಳಿಸಬಹುದಾದ ಬಿಲ್ಲೆಯಲ್ಲಿದ್ದರೆ, ಅವು ಮರಳಿನ ಮೇಲೆ ಬರೆದಂತೆಯೇ ಎಂದು ತಿಳಿಯಬೇಕು. ಅಂತಹ ಬಿಲ್ಲೆಯನ್ನು ಇಂದೇ ಓದಿಸಿ, ಕನಿಷ್ಠ ಎರಡು ಬೇರೆ ಬೇರೆ ಸ್ಥಳಗಳಲ್ಲಿ ಪ್ರತಿಯಿಟ್ಟು, ಪ್ರತಿಯನ್ನು ತೆರೆದು ನೋಡಿ, ಆಮೇಲೆ ಬಿಲ್ಲೆಯನ್ನು ಅಳಿಸಬಹುದು. ಬಹು ಮುಖ್ಯವಾದ ಬರಹವನ್ನು ಒಳ್ಳೆಯ ಕಾಗದದ ಮೇಲೆ ಮುದ್ರಿಸಿಡುವುದೂ ಲೇಸು. ಇದರ ಹೊರತು ದಿನದ ಲೆಕ್ಕ, ತಾತ್ಕಾಲಿಕ ಪ್ರತಿ, ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವ ಸರಕು, ಇವುಗಳಿಗಾಗಿ ಆ ಬಿಲ್ಲೆಯು ಕೆಲಸಮಾಡುವವರೆಗೂ ಮತ್ತೆ ಮತ್ತೆ ಉಪಯೋಗಿಸಲಿ. ಅದು ಹುಟ್ಟಿದುದೇ ಅದಕ್ಕಾಗಿ. ಹೊಸದನ್ನು ಕೊಳ್ಳದೆ ಹಳೆಯದನ್ನು ಒರಸಿ ಬರೆಯುವುದು ಜಿಪುಣತನವಲ್ಲ. ನಮ್ಮ ಪೇಟೆಯ ವರ್ತಕರು ಎಷ್ಟೋ ತಲೆಮಾರುಗಳ ಕಾಲ ಅದೇ ಕ್ರಮದಿಂದ ವ್ಯಾಪಾರವನ್ನು ನಡಸಿದರು.

ಒರಸುವುದಕ್ಕೆ ಮುಂಚೆ ಒಮ್ಮೆ ಓದಬೇಕು. ಕರಿಯ ಬಟ್ಟೆಯ ಮುಂದೆ ಬಳಪ ಹಿಡಿದು ಕುಳಿತ ಲೆಕ್ಕಿಗನಿಗೆ ಈ ನಿಯಮವನ್ನು ಯಾರೂ ಬರೆದು ಕೊಡಬೇಕಾಗಿರಲಿಲ್ಲ. ಒರಸಬೇಕಾದ ಸಾಲು ಅವನ ಕಣ್ಣೆದುರಿಗೇ ಇರುತ್ತಿದ್ದಿತು. ನಮ್ಮ ಬಿಲ್ಲೆಯ ಮೇಲಾದರೋ ಕಣ್ಣಿಗೆ ಏನೂ ಕಾಣುವುದಿಲ್ಲ. ಆದುದರಿಂದಲೇ ಆ ನಿಯಮವನ್ನು ನಾವು ಬರೆದು ಇಟ್ಟುಕೊಳ್ಳಬೇಕಾಗಿದೆ.